ಕೊಳ್ಳುವವನ ದೂರು, ಕಾಯುವವರ ಕಾಗದ

ಕನ್ನಡದಲ್ಲಿ ‘ದೂರು’ ಎಂಬ ಮಾತಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಅದು ನಾಮಪದವಾದಾಗ ಅಧಿಕಾರಿಯ ಮುಂದೆ ಇಡುವ ಅಹವಾಲು; ಕ್ರಿಯಾಪದವಾದಾಗ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಚಾಳಿ. ‘ಅವನು ಸದಾ ದೂರುತ್ತಿರುತ್ತಾನೆ’ ಎಂದು ಯಾರಾದರೂ ಹೇಳಿದರೆ, ಅವನಿಗೆ ಏನೋ ಅನ್ಯಾಯವಾಗಿರಬೇಕೆಂದು ನಾವು ಯೋಚಿಸುವುದಿಲ್ಲ. ಅವನ ಸ್ವಭಾವವೇ ಸರಿಯಿಲ್ಲವೆಂದು ತೀರ್ಮಾನಿಸುತ್ತೇವೆ. ಕೆಟ್ಟುಹೋದ ಪದಾರ್ಥವನ್ನು ಕೈಯಲ್ಲಿ ಹಿಡಿದು ಅಂಗಡಿಯ ಮುಂದೆ ನಿಂತ ಮನುಷ್ಯನ ಪಾಡು ಈ ಎರಡು ಅರ್ಥಗಳ ನಡುವಿನದು. ಅವನು ನ್ಯಾಯ ಕೇಳಲು ಬಂದಿರುತ್ತಾನೆ. ಸುತ್ತಲಿನವರ ಕಣ್ಣಿಗೆ ಜಗಳಗಂಟನಾಗಿ ಕಾಣುತ್ತಾನೆ. ಆ ನೋಟಕ್ಕೆ ಹೆದರಿ ನಮ್ಮಲ್ಲಿ ಎಷ್ಟೋ ಜನ, ‘ಹೋಗಲಿ ಬಿಡಿ, ಹಾಳಾಗಿ ಹೋಯಿತು’ ಎಂದು ಮನೆಗೆ ಹಿಂದಿರುಗುತ್ತಾರೆ. ಕೊಳ್ಳುವವನ ಈ ಸಂಕೋಚವು ಮಾರುವವನಿಗೆ ಲೆಕ್ಕದ ಪುಸ್ತಕದಲ್ಲಿ ಕಾಣದ ಒಂದು ಬಂಡವಾಳ.

ಈ ಸಂಕೋಚವನ್ನು ಕಳೆಯಲು, ಒಂಟಿ ಮನುಷ್ಯನ ಜೊತೆಗೆ ನಿಲ್ಲಲು, ವ್ಯಾಪಾರದ ಮೇಲೆ ಕಣ್ಣಿಟ್ಟಿರಲು ಹಲವು ಸಂಘಗಳೂ ಮಂಡಲಿಗಳೂ ವೇದಿಕೆಗಳೂ ಹುಟ್ಟಿಕೊಂಡಿವೆ. ಇವುಗಳಿಂದ ದೂರು ಹೊತ್ತವನಿಗೆ ನಿಜವಾಗಿ ಉಪಕಾರವಾಗುತ್ತದೆಯೆ? ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆಯ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಂಥ ಒಂದು ಸಂಘದಿಂದ ನನಗೆ ಉಪಕಾರವಾಯಿತು. ಆ ಉಪಕಾರವನ್ನು ನಂಬಿ ನಾನು ಇನ್ನೊಬ್ಬರಿಗೆ ಕೊಟ್ಟ ಸಲಹೆಯಿಂದ ಅವರಿಗೆ ನಷ್ಟವಾಯಿತು. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ಮೊದಲನೆಯದು ಚಿಕ್ಕ ಕಥೆ. ನಮ್ಮ ಮನೆಗೆ ಕೊಂಡ ಫ್ರಿಜ್ಜು ಹನ್ನೊಂದನೆಯ ತಿಂಗಳಿನಲ್ಲಿ ತಣ್ಣಗಾಗುವುದನ್ನು ನಿಲ್ಲಿಸಿತು. ಅಂಗಡಿಯವರು ಕಂಪೆನಿಯನ್ನು ತೋರಿಸಿದರು. ಕಂಪೆನಿಯವರು ನಮ್ಮ ಮನೆಯ ವಿದ್ಯುತ್ತಿನ ಏರಿಳಿತವನ್ನು ತೋರಿಸಿದರು. ವಾರಂಟಿ ಪತ್ರದ ಹಿಂಬದಿಯಲ್ಲಿ ಇರುವೆಗಳ ಸಾಲಿನಂತೆ ಮುದ್ರಿಸಿದ್ದ ಅಕ್ಷರಗಳಲ್ಲಿ ಅದಕ್ಕೆ ಅವಕಾಶವಿತ್ತಂತೆ. ಎರಡು ತಿಂಗಳು ಅಲೆದ ಮೇಲೆ ಸ್ನೇಹಿತರೊಬ್ಬರು ನಮ್ಮ ಊರಿನ ಬಳಕೆದಾರರ ಸಂಘಕ್ಕೆ ಕರೆದುಕೊಂಡು ಹೋದರು. ಒಂದು ಹಳೆಯ ಕಟ್ಟಡದ ಮಹಡಿ, ಒಂದು ಮೇಜು, ಎರಡು ಬೀರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಕುಳಿತಿದ್ದರು. ನನ್ನ ಕಥೆಯನ್ನು ಅರ್ಧಕ್ಕೆ ತಡೆದು, “ಮೇಷ್ಟ್ರೇ, ಅದೆಲ್ಲ ಇರಲಿ, ರಸೀತಿ ಇದೆ ತಾನೆ?” ಎಂದರು. ಇತ್ತು. ವಾರಂಟಿ ಪತ್ರವೂ ಇತ್ತು, ನಾನು ಬರೆದಿದ್ದ ಕಾಗದಗಳ ಪ್ರತಿಗಳೂ ಇದ್ದವು. ಅವರು ಒಂದೂಕಾಲು ಪುಟದ ಕಾಗದ ಬರೆದರು. ಅದರಲ್ಲಿ ಒಂದೇ ಒಂದು ವಿಶೇಷಣವಿರಲಿಲ್ಲ. ತಾರೀಖುಗಳು, ಮೊಬಲಗು, ಕೇಳಿಕೆ, ಕೊನೆಗೆ ಕಾನೂನಿನ ಒಂದು ಹೆಸರು ಇಷ್ಟೇ ಇದ್ದವು. ಹತ್ತೊಂಬತ್ತನೆಯ ದಿನ ಕಂಪೆನಿಯ ಮೆಕ್ಯಾನಿಕ್ ಮನೆಗೆ ಬಂದು ಯಂತ್ರದ ಭಾಗವನ್ನು ಬದಲಿಸಿ ಹೋದ. ಭಾಷೆಯನ್ನು ಕಲಿಸುವ ನನ್ನ ನಾಲ್ಕು ಕಾಗದಗಳು ಮಾಡಲಾರದ ಕೆಲಸವನ್ನು ಆ ಬ್ಯಾಂಕಿನವರ ಒಂದು ಕಾಗದ ಮಾಡಿತ್ತು. ನಾನು ಕಂಡವರಿಗೆಲ್ಲ ಆ ಸಂಘವನ್ನು ಹೊಗಳಿದೆ.

ಎರಡನೆಯ ಕಥೆ ನಮ್ಮ ಕಾಲೇಜಿನ ಜವಾನರೊಬ್ಬರದು. ಮಗಳ ಮದುವೆಗೆ ಮಂಚ, ಬೀರು, ಪಾತ್ರೆ ಪದಾರ್ಥ ಬೇಕಾಗುತ್ತವೆಂದು ಅವರು ಊರಿನ ಒಂದು ಅಂಗಡಿಯ ಕಂತಿನ ಯೋಜನೆಗೆ ಸೇರಿದ್ದರು. ತಿಂಗಳಿಗೆ 1,000 ರೂಪಾಯಿ, 24 ತಿಂಗಳು. ಅವಧಿ ಮುಗಿದಾಗ ಸಾಮಾನು. ಒಂದು ತಿಂಗಳನ್ನೂ ತಪ್ಪಿಸದೆ ಕಟ್ಟಿದರು. ಅವಧಿ ಮುಗಿದಾಗ ಅಂಗಡಿಯವನು ‘ಮುಂದಿನ ತಿಂಗಳು’ ಎಂದ. ಅದರ ಮುಂದಿನ ತಿಂಗಳೂ ಹಾಗೆಯೇ ಎಂದ. ನಾಲ್ಕು ತಿಂಗಳಾದ ಮೇಲೆ ಅವರು ನನ್ನ ಹತ್ತಿರ ಬಂದು, “ಸಾರ್, ಕೋರ್ಟಿಗೆ ಹೋಗಬೇಕು ಅಂತಾರೆ, ಹೋಗಲೇ?” ಎಂದು ಕೇಳಿದರು. “ಕೋರ್ಟು ಯಾಕೆ, ನಮ್ಮ ಸಂಘವಿದೆಯಲ್ಲ” ಎಂದು ನಾನೇ ಅವರನ್ನು ಆ ಮಹಡಿಗೆ ಕರೆದುಕೊಂಡು ಹೋದೆ.

ಅದೇ ಹಿರಿಯರು, ಅಂಥದೇ ಕಾಗದ. ಉತ್ತರ ಬರಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಕಾಗದ ಹೋಯಿತು, ಅದಕ್ಕೂ ಉತ್ತರವಿಲ್ಲ. ಮೂರನೆಯ ಕಾಗದಕ್ಕೆ ಅಂಗಡಿಯವನು ತಾನೇ ಮಹಡಿ ಹತ್ತಿ ಬಂದ, ಕೈಮುಗಿದ, ವ್ಯಾಪಾರ ನಷ್ಟದಲ್ಲಿದೆ, ಯುಗಾದಿಯ ಹೊತ್ತಿಗೆ ಖಂಡಿತ ಕೊಟ್ಟುಬಿಡುತ್ತೇನೆ ಎಂದ. ಆ ಮಾತನ್ನು ಯಾರೂ ಬರೆಸಿಕೊಳ್ಳಲಿಲ್ಲ. ಸಂಘದ ರಿಜಿಸ್ಟರಿನಲ್ಲಿ ಆ ದೂರಿನ ಎದುರಿಗೆ ‘ಇತ್ಯರ್ಥ’ ಎಂದು ಬರೆಯಲಾಯಿತು. ಯುಗಾದಿ ಬಂತು, ಹೋಯಿತು. ಮತ್ತೆ ಕಾಗದಗಳು, ಮತ್ತೆ ಮೌನ. ಕೊನೆಗೆ ಒಂದು ದಿನ ಅಂಗಡಿಯ ಬಾಗಿಲು ಮುಚ್ಚಿತ್ತು. ಎದುರು ಬೀದಿಯಲ್ಲಿ, ಅವನ ಬಾವಮೈದುನನ ಹೆಸರಿನಲ್ಲಿ, ಅದೇ ಬಣ್ಣದ ಹೊಸ ಬೋರ್ಡು ಎದ್ದಿತ್ತು. ಜವಾನರು ಸಹಕಾರ ಸಂಘದಿಂದ ಸಾಲ ತೆಗೆದು ಮದುವೆ ಮಾಡಿದರು. ಆಮೇಲೆ ವಕೀಲರೊಬ್ಬರ ಹತ್ತಿರ ಹೋದೆವು. ಅವರು ತಾರೀಖುಗಳನ್ನು ನೋಡಿ, ದೂರು ಸಲ್ಲಿಸುವ ಎರಡು ವರ್ಷದ ಅವಧಿ ಮೀರಿಹೋಗಿದೆಯೆಂದೂ, ಸಕಾರಣವಿದ್ದರೆ ಆಯೋಗವು ವಿಳಂಬವನ್ನು ಮನ್ನಿಸಬಹುದೆಂದೂ, ಆದರೆ ಅದಕ್ಕೂ ವಾದ ಮಾಡಬೇಕು, ಹೊಸ ಬೋರ್ಡಿನವನಿಗೂ ಹಳೆಯ ಅಂಗಡಿಗೂ ಸಂಬಂಧವಿದೆಯೆಂದು ತೋರಿಸಬೇಕೆಂದೂ ಹೇಳಿದರು. ಜವಾನರು 24 ರಸೀತಿಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಸಾಕು ಬಿಡಿ ಸಾರ್” ಎಂದರು. ನನ್ನ ಮೇಲೆ ಅವರು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಒಂದೇ ಸಂಘ, ಒಬ್ಬರೇ ಹಿರಿಯರು, ಒಂದೇ ಬಗೆಯ ಕಾಗದ. ಫಲ ಮಾತ್ರ ಬೇರೆ. ನನ್ನ ದೂರು ಅವರ ದೂರಿಗಿಂತ ಹೆಚ್ಚು ನ್ಯಾಯವಾದದ್ದೇನೂ ಆಗಿರಲಿಲ್ಲ. ವ್ಯತ್ಯಾಸವಿದ್ದದ್ದು ಎದುರಾಳಿಯಲ್ಲಿ. ನನ್ನ ಎದುರಾಳಿಗೆ ಕಳೆದುಕೊಳ್ಳಲು ಒಂದು ಹೆಸರಿತ್ತು. ಅವರ ಎದುರಾಳಿಗೆ ಹೆಸರೆಂದರೆ ಬೇಕಾದಾಗ ಬದಲಾಯಿಸಬಹುದಾದ ಒಂದು ಬೋರ್ಡು. ಕಾವಲು ಸಂಘದ ಕಾಗದದಲ್ಲಿರುವ ಶಕ್ತಿಯೆಲ್ಲ ಓದುವವನ ಅಂಜಿಕೆಯಿಂದ ಬಂದದ್ದು. ಅಂಜಿಕೆಯಿಲ್ಲದವನ ಮುಂದೆ ಅದು ಬರಿಯ ಕಾಗದ.

ಈ ಅನುಭವವಾದ ಮೇಲೆ ಇಂಥ ಸಂಸ್ಥೆಗಳ ವಿಷಯವನ್ನು ಸ್ವಲ್ಪ ಓದಿ ನೋಡಿದೆ. ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದು ನಮ್ಮ ಮೊದಲನೆಯ ತಪ್ಪು. ಇವುಗಳಲ್ಲಿ ಮೂರು ಜಾತಿಗಳಿವೆ. ವರ್ತಕರೇ ತಮ್ಮನ್ನು ತಾವು ಕಾಯಲು ಕಟ್ಟಿಕೊಂಡವು, ಕೊಳ್ಳುವವರು ಕಟ್ಟಿಕೊಂಡವು, ಸರ್ಕಾರ ಕಟ್ಟಿದವು.

ವರ್ತಕರು ತಮ್ಮ ಮೇಲೆ ತಾವೇ ಕಟ್ಟಳೆ ಹಾಕಿಕೊಳ್ಳುವುದು ಕನ್ನಡನಾಡಿಗೆ ಹೊಸ ವಿಷಯವಲ್ಲ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ಸಂಘ ತನ್ನ ನಡವಳಿಕೆಯನ್ನು ‘ವೀರಬಣಂಜು ಧರ್ಮ’ ಎಂದು ಕರೆದುಕೊಂಡಿತು. ವ್ಯಾಪಾರಕ್ಕೆ ಧರ್ಮವೆಂಬ ಮಾತನ್ನು ಸೇರಿಸಿತು. ಇದು ಹೆಮ್ಮೆಯ ಸಂಗತಿಯೇ. ಆದರೆ ಆ ಧರ್ಮವನ್ನು ಕಾಯುತ್ತಿದ್ದವರೂ ವರ್ತಕರೇ ಎಂಬುದನ್ನು ಮರೆಯಬಾರದು. ಕೌಟಿಲ್ಯ ಅವರನ್ನು ಅಷ್ಟು ನಂಬಲಿಲ್ಲ. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಬೇರೆ ಇದ್ದಾನೆ. ವರ್ತಕರಿಂದ ಪ್ರಜೆಗಳನ್ನು ರಕ್ಷಿಸುವ ವಿಷಯ ‘ಕಂಟಕಶೋಧನ’ ಎಂಬ ಅಧಿಕರಣದಲ್ಲಿ ಬರುತ್ತದೆ. ಕಂಟಕವೆಂದರೆ ಮುಳ್ಳು. ಮುಳ್ಳನ್ನು ತೆಗೆಯುವ ಕೆಲಸವನ್ನು ಕೌಟಿಲ್ಯ ಮುಳ್ಳಿಗೇ ವಹಿಸಲಿಲ್ಲ. ಒಂದು ಕಡೆ ವರ್ತಕರ ಆತ್ಮಗೌರವ, ಇನ್ನೊಂದು ಕಡೆ ರಾಜದಂಡ. ಇವುಗಳಲ್ಲಿ ಯಾವುದನ್ನು ನಂಬಬೇಕೆಂಬ ವಾದ ಇಂದಿಗೂ ಮುಗಿದಿಲ್ಲ.

ಇಂದಿನ ಕಾಲದಲ್ಲಿ ಮೊದಲನೆಯ ಜಾತಿಗೆ ದೊಡ್ಡ ಉದಾಹರಣೆ ಅಮೆರಿಕದ ಬೆಟರ್ ಬಿಸಿನೆಸ್ ಬ್ಯೂರೋ. ಸುಳ್ಳು ಜಾಹೀರಾತುಗಳಿಂದ ಇಡೀ ಕಸುಬಿಗೇ ಕೆಟ್ಟ ಹೆಸರು ಬರುತ್ತದೆಂದು ಅಂಜಿದ ಜಾಹೀರಾತುಗಾರರ ಎಚ್ಚರಿಕೆ ಸಮಿತಿಗಳಿಂದ ಅದು 1912ರ ಸುಮಾರಿಗೆ ಹುಟ್ಟಿತು. ಹೆಸರು ಕೇಳಿದರೆ ಸರ್ಕಾರದ ಇಲಾಖೆಯೆಂದು ತೋರುತ್ತದೆ, ಅಲ್ಲ. ಅದು ಖಾಸಗಿ ಸಂಸ್ಥೆ. ಅದರ ಮನ್ನಣೆ ಬೇಕೆನ್ನುವ ವ್ಯಾಪಾರ ಸಂಸ್ಥೆಗಳು ಕೊಡುವ ಶುಲ್ಕದಿಂದ ನಡೆಯುವಂಥದು. ದೂರು ಬಂದರೆ ವರ್ತಕನಿಗೆ ಕಳುಹಿಸುತ್ತದೆ, 14 ದಿನಗಳೊಳಗೆ ಉತ್ತರ ಕೇಳುತ್ತದೆ, ಬರದಿದ್ದರೆ ಮತ್ತೊಮ್ಮೆ ಕೇಳುತ್ತದೆ. ದಂಡ ಹಾಕುವ ಅಧಿಕಾರವಾಗಲಿ, ಹಣ ಕೊಡಿಸುವ ಅಧಿಕಾರವಾಗಲಿ ಅದಕ್ಕಿಲ್ಲ. ಅದರ ಕೈಯಲ್ಲಿರುವ ಕೋಲು ಒಂದೇ: ನಾವು ಪರೀಕ್ಷೆಯಲ್ಲಿ ವಿದ್ಯಾರ್ಥಿಗಳಿಗೆ ಕೊಡುವಂತೆ ವ್ಯಾಪಾರ ಸಂಸ್ಥೆಗಳಿಗೆ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುವುದು. ಹೆಸರಿಗೆ ಅಂಜುವ ವರ್ತಕನ ವಿಷಯದಲ್ಲಿ ಆ ಕೋಲು ಕೆಲಸ ಮಾಡಿದೆ; ಎಷ್ಟೋ ಜನರ ದೂರು ಅದರಿಂದ ಪರಿಹಾರವಾಗಿದೆ. ಇದನ್ನು ಅಲ್ಲಗಳೆಯುವುದು ಸರಿಯಲ್ಲ.

ಆದರೆ 2010ರಲ್ಲಿ ಅಲ್ಲಿಯ ಎಬಿಸಿ ದೂರದರ್ಶನ ಜಾಲದ ಕಾರ್ಯಕ್ರಮವೊಂದು ಇನ್ನೊಂದು ಮುಖವನ್ನು ತೋರಿಸಿತು. ಲಾಸ್ ಏಂಜಲೀಸಿನ ಕೆಲವು ವ್ಯಾಪಾರಿಗಳು ‘ಹಮಾಸ್’ ಎಂಬ ಸಶಸ್ತ್ರ ಸಂಘಟನೆಯ ಹೆಸರಿನಲ್ಲಿ, ಇಲ್ಲವೇ ಇಲ್ಲದ ಒಂದು ಸಂಸ್ಥೆಯನ್ನು ಕಲ್ಪಿಸಿ, ಶುಲ್ಕ ಕಟ್ಟಿ ಅರ್ಜಿ ಹಾಕಿದ್ದರು. ಆ ಸಂಸ್ಥೆಗೆ ‘ಎ ಮೈನಸ್’ ದರ್ಜೆ ದೊರಕಿತ್ತು. ಶುಲ್ಕ ಕಟ್ಟಿದ ಕೂಡಲೇ ದರ್ಜೆ ಮೇಲೇರಿತೆಂದು ಸಣ್ಣ ವ್ಯಾಪಾರಿಗಳೂ ಹೇಳಿದರು. ಗುಲ್ಲೆದ್ದ ಮೇಲೆ, ಸದಸ್ಯರಾದ ಮಾತ್ರಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿಯನ್ನು ಕೈಬಿಡಲಾಯಿತು. 2013ರಲ್ಲಿ ಆ ಲಾಸ್ ಏಂಜಲೀಸ್ ಶಾಖೆಯನ್ನೇ ಸಂಸ್ಥೆಯಿಂದ ಹೊರಹಾಕಲಾಯಿತು. ತಪ್ಪನ್ನು ತಿದ್ದಿಕೊಂಡದ್ದು ಒಳ್ಳೆಯದೇ. ಆದರೂ ಪ್ರಶ್ನೆ ಉಳಿಯುತ್ತದೆ: ಪರೀಕ್ಷೆಗೆ ಕುಳಿತವನೇ ಪರೀಕ್ಷಕನಿಗೆ ಸಂಬಳ ಕೊಡುವ ಏರ್ಪಾಡಿನಲ್ಲಿ, ಪರೀಕ್ಷಕ ಎಷ್ಟೇ ಸಜ್ಜನನಾಗಿರಲಿ, ಅಂಕಪಟ್ಟಿಯನ್ನು ನಾವು ನಂಬುವುದು ಹೇಗೆ? ಕಾವಲಿನವನು ಯಾರ ಅನ್ನ ಉಣ್ಣುತ್ತಾನೆ ಎಂಬುದನ್ನು ಮೊದಲು ಕೇಳಬೇಕು.

ನಮ್ಮ ದೇಶದಲ್ಲಿಯೂ 1985ರಲ್ಲಿ ಜಾಹೀರಾತಿನ ಉದ್ಯಮದವರೇ ಸೇರಿ ಭಾರತೀಯ ಜಾಹೀರಾತು ಮಾನಕ ಮಂಡಲಿಯನ್ನು ಕಟ್ಟಿಕೊಂಡರು. ಸುಳ್ಳು ಜಾಹೀರಾತನ್ನು ಕುರಿತು ಯಾರು ಬೇಕಾದರೂ ಅದಕ್ಕೆ ಬರೆಯಬಹುದು. ವಿಚಾರಿಸಿ, ಹಿಂತೆಗೆದುಕೊಳ್ಳಿ ಎಂದೋ ತಿದ್ದಿರಿ ಎಂದೋ ಅದು ಹೇಳುತ್ತದೆ. ಅದರ ಮಾತನ್ನು ಕೇಳುವುದೂ ಬಿಡುವುದೂ ಬಹುಕಾಲ ಜಾಹೀರಾತುದಾರನ ಮರ್ಜಿಯಾಗಿತ್ತು. 2006ರಲ್ಲಿ ಕೇಬಲ್ ದೂರದರ್ಶನದ ಸರ್ಕಾರಿ ನಿಯಮಗಳಲ್ಲಿಯೇ, ಈ ಮಂಡಲಿಯ ಸಂಹಿತೆಯನ್ನು ಮೀರಿದ ಜಾಹೀರಾತನ್ನು ಪ್ರಸಾರ ಮಾಡಕೂಡದೆಂದು ಸೇರಿಸಲಾಯಿತು. ಕೂಗುವ ಬಾಯಿಗೆ ಹಲ್ಲು ಬರಬೇಕಾದರೆ ಕಾನೂನು ಅದನ್ನು ಕಡಕೊಡಬೇಕಾಯಿತೆಂಬುದನ್ನು ಗಮನಿಸಿ. ಇಷ್ಟಾದರೂ, ಸುಳ್ಳು ಜಾಹೀರಾತನ್ನು ನಂಬಿ ಹಣ ಕಳೆದುಕೊಂಡವನಿಗೆ ಆ ಮಂಡಲಿ ಹಣವನ್ನು ಹಿಂದಕ್ಕೆ ಕೊಡಿಸುವುದಿಲ್ಲ. ಅದು ಅದರ ಕೆಲಸವೇ ಅಲ್ಲ. ಇದು ಗೊತ್ತಿಲ್ಲದೆ ಅಲ್ಲಿಗೆ ಹೋದವನು ನಿರಾಶನಾಗಿ ಬರುತ್ತಾನೆ.

ಇನ್ನು ಕೊಳ್ಳುವವರೇ ಕಟ್ಟಿಕೊಂಡ ಸಂಘಗಳು. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಘವನ್ನು ಆರಂಭಿಸಿದರು. ಬಳಕೆದಾರನನ್ನು ಕಾಯುವ ಪ್ರತ್ಯೇಕ ಕಾನೂನು ಬರಲು ಆಗ ಇನ್ನೂ ಇಪ್ಪತ್ತು ವರ್ಷವಿತ್ತು. 1978ರಲ್ಲಿ ಅಹಮದಾಬಾದಿನಲ್ಲಿ ಪ್ರೊಫೆಸರ್ ಮನುಭಾಯಿ ಷಾ ಅವರು ಬಳಕೆದಾರರ ಶಿಕ್ಷಣ ಮತ್ತು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಈ ಕೇಂದ್ರದ ಒಂದು ಪ್ರಸಂಗವನ್ನು ಸಾಹಿತ್ಯದ ಓದುಗರು ವಿಶೇಷವಾಗಿ ತಿಳಿದುಕೊಳ್ಳಬೇಕು. ಏಕೆಂದರೆ ಅದು ಬರವಣಿಗೆಯ ಸ್ವಾತಂತ್ರ್ಯದ ಪ್ರಸಂಗವೂ ಹೌದು.

ಜೀವ ವಿಮಾ ನಿಗಮವು ಹೆಚ್ಚು ಕಂತು ವಸೂಲು ಮಾಡಿ ಪಾಲಿಸಿದಾರರಿಗೆ ಅನ್ಯಾಯ ಮಾಡುತ್ತಿದೆಯೆಂದು ಮನುಭಾಯಿ ಷಾ ಅವರು ಒಂದು ಅಧ್ಯಯನವನ್ನು ಪ್ರಕಟಿಸಿದರು. ನಿಗಮದ ಕಡೆಯವರೊಬ್ಬರು ‘ದಿ ಹಿಂದೂ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಷಾ ಅವರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಇಲ್ಲಿಯವರೆಗೆ ಸರಿ. ಆಮೇಲೆ ನಿಗಮವು ತನ್ನದೇ ಆದ ‘ಯೋಗಕ್ಷೇಮ’ ಎಂಬ ಪತ್ರಿಕೆಯಲ್ಲಿ ಖಂಡನೆಯನ್ನು ಮಾತ್ರ ಅಚ್ಚುಮಾಡಿತು. ತಮ್ಮ ಉತ್ತರವನ್ನೂ ಹಾಕಿರೆಂದು ಷಾ ಅವರು ಕೇಳಿದಾಗ, ಇದು ನಮ್ಮ ಮನೆಯ ಪತ್ರಿಕೆ, ಹೊರಗಿನವರಿಗೆ ಇಲ್ಲಿ ಜಾಗವಿಲ್ಲವೆಂದಿತು. ಅವರು ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ನಿಗಮ ಮೇಲ್ಮನವಿ ಹಾಕಿತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಷಾ ಅವರ ಪರವಾಗಿಯೇ ತೀರ್ಪಿತ್ತಿತು. ಜನರ ಹಣದಿಂದ ನಡೆಯುವ ಪತ್ರಿಕೆ ಒಂದು ಪಕ್ಷವನ್ನು ಮಾತ್ರ ಹೇಳಿ ಇನ್ನೊಂದು ಪಕ್ಷದ ಬಾಯಿ ಮುಚ್ಚಿಸಕೂಡದು, ಅದು ಸಂವಿಧಾನದ ವಾಕ್‌ಸ್ವಾತಂತ್ರ್ಯಕ್ಕೆ ವಿರೋಧ ಎಂಬುದು ಅದರ ತಾತ್ಪರ್ಯ.

ಒಬ್ಬ ಸಾಮಾನ್ಯ ಪಾಲಿಸಿದಾರ ಇದನ್ನು ಮಾಡಬಲ್ಲನೆ? ಅವನಿಗೆ ಆದ ನಷ್ಟ ಕೆಲವು ನೂರು ರೂಪಾಯಿ ಇದ್ದೀತು. ಅದಕ್ಕಾಗಿ ದೆಹಲಿಯವರೆಗೆ ಹೋಗುವವನು ಮನೆಮಂದಿಯ ಕಣ್ಣಿಗೂ ಹುಚ್ಚನಾಗಿ ಕಂಡಾನು. ಲಕ್ಷ ಜನಕ್ಕೆ ಹಂಚಿಹೋದ ಸಣ್ಣ ಸಣ್ಣ ನಷ್ಟಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಪ್ರಶ್ನೆಯಾಗಿ ಕೇಳುವ ಶಕ್ತಿ ಇರುವುದು ಸಂಘಕ್ಕೆ ಮಾತ್ರ. 1986ರ ಬಳಕೆದಾರರ ಸಂರಕ್ಷಣ ಕಾಯಿದೆ ಜಿಲ್ಲೆ ಜಿಲ್ಲೆಗೂ ವೇದಿಕೆ ಬೇಕೆಂದು ಹೇಳಿ ವರ್ಷಗಳು ಕಳೆದರೂ ಎಷ್ಟೋ ಜಿಲ್ಲೆಗಳಲ್ಲಿ ಅವು ಕಣ್ಣುಬಿಟ್ಟಿರಲಿಲ್ಲ. ಆಗ ಎಚ್. ಡಿ. ಶೌರಿಯವರು 1980ರಲ್ಲಿ ಸ್ಥಾಪಿಸಿದ್ದ ‘ಕಾಮನ್ ಕಾಸ್’ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇಂದು ನಾವು ಸಲೀಸಾಗಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವಲ್ಲ, ಆ ಬಾಗಿಲನ್ನು ತಟ್ಟಿದವರಲ್ಲಿ ಇಂಥವರಿದ್ದರೆಂಬುದನ್ನು ನೆನೆಯಬೇಕು. ಆದ್ದರಿಂದ ‘ಈ ಸಂಘಗಳಿಂದ ಏನೂ ಆಗುವುದಿಲ್ಲ’ ಎನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅವುಗಳ ದೊಡ್ಡ ಗೆಲುವುಗಳು ನ್ಯಾಯಾಲಯಗಳಲ್ಲಿ ದೊರೆತಿವೆ. ಅಂದರೆ, ಕಾಗದ ಬರೆದು ಸುಮ್ಮನಾಗದೆ, ದಂಡನೆಯ ಅಧಿಕಾರವಿರುವ ಕಡೆಗೆ ನಡೆದುಹೋದಾಗ.

ಮೂರನೆಯದು ಸರ್ಕಾರದ ವ್ಯವಸ್ಥೆ. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ, ಕನ್ನಡದಲ್ಲಿಯೂ ಹೇಳಬಹುದು. ಅದರೊಡನೆ ಸ್ವಇಚ್ಛೆಯಿಂದ ಕೈಜೋಡಿಸಿರುವ ಕಂಪೆನಿಗಳಿಗೆ ದೂರು ನೇರವಾಗಿ ಹೋಗುತ್ತದೆ. ಬಹಳ ಉಪಯುಕ್ತವಾದ ಏರ್ಪಾಡು. ಆದರೆ ಇದೂ ಮೊಕದ್ದಮೆಗೆ ಮುಂಚಿನ ಸಂಧಾನವೇ. ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. ನಮ್ಮ ಜವಾನರ ಅಂಗಡಿಯವನಂಥವರು ಇಂಥ ಪಟ್ಟಿಗಳಿಗೆ ಸೇರುವವರಲ್ಲ.

ಆಜ್ಞೆ ಮಾಡುವ ಅಧಿಕಾರವಿರುವುದು ಆಯೋಗಗಳಿಗೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಕಾಯಿದೆಯಂತೆ, ಬಳಕೆದಾರನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ವರ್ತಕನ ಊರಿಗೆ ಅಲೆಯಬೇಕಾಗಿಲ್ಲ. ಕೊಂಡ ಪದಾರ್ಥದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಆಜ್ಞೆಯನ್ನು ಪಾಲಿಸದವನಿಗೆ ಸೆರೆವಾಸ, 25,000 ರೂಪಾಯಿಗೆ ಕಡಮೆಯಿಲ್ಲದ ದಂಡ, ಇಲ್ಲವೆ ಎರಡೂ ಆಗಬಹುದು. ಎದುರುಪಕ್ಷದವರಿಗೆ ನೋಟೀಸು ತಲುಪಿದ ಮೂರು ತಿಂಗಳಲ್ಲಿ, ಪದಾರ್ಥವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದರೆ ಐದು ತಿಂಗಳಲ್ಲಿ, ತೀರ್ಪು ಕೊಡಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನಡೆಯುವುದು ಹಾಗಲ್ಲವೆಂದು ಆಯೋಗದ ಮುಂದೆ ಕಾದವರೆಲ್ಲ ಬಲ್ಲರು. ಆ ವಿಳಂಬಕ್ಕೆ ಅಂಜಿಯೇ ಜನ ಸಂಘಗಳ ಕಡೆ ತಿರುಗುತ್ತಾರೆ. ನಾನು ಜವಾನರನ್ನು ತಿರುಗಿಸಿದ್ದೂ ಅದಕ್ಕಾಗಿಯೇ. ಆದರೆ ಒಂದು ವ್ಯತ್ಯಾಸವನ್ನು ನಾನು ಅರಿತಿರಲಿಲ್ಲ. ಆಯೋಗದಲ್ಲಿ ದೂರು ಸಲ್ಲಿಸಿದ ಮೇಲೆ ಎಷ್ಟು ವರ್ಷ ಕಾದರೂ ಹಕ್ಕು ಹೋಗುವುದಿಲ್ಲ. ಸಂಘದ ಮಹಡಿಯಲ್ಲಿ ಕಾಯುವಾಗ ಗಡಿಯಾರ ನಡೆಯುತ್ತಲೇ ಇರುತ್ತದೆ. ಎರಡು ವರ್ಷವಾದ ಮೇಲೆ ಹಕ್ಕಿಗೇ ಸಂಚಕಾರ.

ಆದ್ದರಿಂದ ನಾನು ಹೇಳಹೊರಟಿರುವುದು ಇಷ್ಟು. ಕಾವಲು ಸಂಘಗಳು ಉಪಕಾರ ಮಾಡುತ್ತವೆ. ಆದರೆ ತಮ್ಮ ಮಿತಿಯನ್ನು ಮೊದಲನೆಯ ದಿನವೇ ಹೇಳಿದಾಗ ಮಾತ್ರ ಅದು ಉಪಕಾರವಾಗಿ ಉಳಿಯುತ್ತದೆ. ಹೇಳದಿದ್ದರೆ, ಒಳ್ಳೆಯ ಮನಸ್ಸಿನಿಂದಲೇ, ಅವು ವರ್ತಕನಿಗೆ ಬೇಕಾದುದನ್ನು ಒದಗಿಸಿಕೊಡುತ್ತವೆ. ವರ್ತಕನಿಗೆ ಬೇಕಾದುದು ಕಾಲ. ದೂರು ಹೊತ್ತವನ ಸಿಟ್ಟು ಆರಬೇಕು, ರಸೀತಿ ಕಳೆಯಬೇಕು, ಅವಧಿ ಮೀರಬೇಕು. ಕಾಗದದ ಮೇಲೆ ಕಾಗದ ಬರೆಯುತ್ತ ಕುಳಿತ ಸಂಘ ಈ ಮೂರನ್ನೂ ಅವನಿಗೆ ಪುಕ್ಕಟೆಯಾಗಿ ಮಾಡಿಕೊಡಬಲ್ಲದು.

ನಾನು ಸಂಘಗಳನ್ನು ನಿಂದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮ ಊರುಗಳಲ್ಲಿ ಈ ಕೆಲಸ ಮಾಡುವವರು ಬಹುಮಟ್ಟಿಗೆ ನಿವೃತ್ತರು, ಕೈಯಿಂದ ಅಂಚೆಯ ಖರ್ಚು ಹಾಕುವವರು, ಮನೆಯವರಿಂದ ಬೈಸಿಕೊಳ್ಳುವವರು. ವರ್ತಕರಿಂದ ಹಣ ತೆಗೆದುಕೊಳ್ಳಬಾರದೆಂದು ಅವರಿಗೆ ಬುದ್ಧಿ ಹೇಳುವ ನಾವು ವರ್ಷಕ್ಕೆ ನೂರು ರೂಪಾಯಿ ಚಂದಾ ಕೊಟ್ಟಿದ್ದೇವೆಯೆ? ನನ್ನ ಫ್ರಿಜ್ಜು ರಿಪೇರಿಯಾದ ದಿನ ನಾನು ಹೊಗಳಿಕೆಯನ್ನು ಕೊಟ್ಟೆ, ಚಂದಾ ಕೊಡಲಿಲ್ಲ. 1936ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ತನ್ನ ಪತ್ರಿಕೆಯಲ್ಲಿ ಜಾಹೀರಾತು ಹಾಕದೆ, ಪರೀಕ್ಷಿಸುವ ವಸ್ತುಗಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟೇ ಕೊಂಡು ಬಾಳಿದ್ದು ಓದುಗರ ಚಂದಾದಿಂದ. ಕಾವಲಿನವನಿಗೆ ನಾವು ಅನ್ನ ಹಾಕದಿದ್ದರೆ ಬೇರೆ ಯಾರೋ ಹಾಕುತ್ತಾರೆ. ಆಮೇಲೆ ಬೇಲಿಯೇ ಹೊಲ ಮೇಯಿತೆಂದು ಗಾದೆ ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ.

ವರ್ತಕರ ಪರವಾಗಿ ಕೂಡ ಒಂದು ಮಾತನ್ನು ಹೇಳಬೇಕು. ಎಲ್ಲ ದೂರುಗಳೂ ನಿಜವಲ್ಲ. ತಾನೇ ಬೀಳಿಸಿ ಒಡೆದ ವಸ್ತುವಿಗೆ ಹೊಸದನ್ನು ಕೇಳುವವರಿದ್ದಾರೆ. ಸುಳ್ಳು ದೂರನ್ನು ಬಾಗಿಲಲ್ಲಿಯೇ ಹಿಂದಿರುಗಿಸುವ ಸಂಘದ ಕಾಗದಕ್ಕೆ ಮಾತ್ರ ವರ್ತಕರು ಬೆಲೆ ಕೊಟ್ಟಾರು. ‘ರಸೀತಿ ಇದೆ ತಾನೆ?’ ಎಂಬ ಆ ಹಿರಿಯರ ಪ್ರಶ್ನೆ ಎರಡು ಪಕ್ಷಕ್ಕೂ ನ್ಯಾಯವಾದದ್ದು.

ಹಾಗಾದರೆ ದೂರು ಹೊತ್ತು ಹೋಗುವವನು ಸಂಘವನ್ನು ಏನು ಕೇಳಬೇಕು? ನಿಮಗೆ ಹಣ ಎಲ್ಲಿಂದ ಬರುತ್ತದೆ? ನಿಮ್ಮ ಕಾಗದಕ್ಕೆ ಉತ್ತರ ಬರದಿದ್ದರೆ ಮುಂದೇನು ಮಾಡುತ್ತೀರಿ? ನನ್ನೊಡನೆ ಆಯೋಗದವರೆಗೆ ಬರುತ್ತೀರಾ? ಬಳಕೆದಾರರ ಸಂಘವು ತಾನೇ ದೂರುದಾರನಾಗಿ ನಿಲ್ಲಲು ಕಾನೂನಿನಲ್ಲಿ ಅವಕಾಶವಿದೆ. ಆ ಅವಕಾಶವನ್ನು ಎಂದಾದರೂ ಬಳಸಿದ್ದೀರಾ? ‘ಇತ್ಯರ್ಥ’ ಎಂದು ನಿಮ್ಮ ಪುಸ್ತಕದಲ್ಲಿ ಬರೆಯುವುದು ವರ್ತಕ ಉತ್ತರ ಕೊಟ್ಟಾಗಲೋ, ಹಣ ಕೈಗೆ ಬಂದಾಗಲೋ? ಈ ಕೊನೆಯ ಪ್ರಶ್ನೆಯನ್ನು ದೊಡ್ಡ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ಓದುವಾಗಲೂ ಕೇಳಬೇಕು. ದೂರುಗಳ ಸಂಖ್ಯೆ ಎಷ್ಟು, ಇತ್ಯರ್ಥವಾದವು ಎಷ್ಟು ಎಂಬ ಅಂಕಿಗಳು ಅಲ್ಲಿ ಚೆನ್ನಾಗಿ ಮುದ್ರಿತವಾಗಿರುತ್ತವೆ. ‘ಇತ್ಯರ್ಥ’ದ ಅರ್ಥವೇನೆಂಬುದನ್ನು ಹುಡುಕಬೇಕು.

ಜವಾನರ ವಿಷಯ ಮುಗಿದ ಮೇಲೆ ನಾನು ಒಂದು ಸಂಜೆ ಆ ಮಹಡಿಗೆ ಹೋದೆ. ಹಿರಿಯರಿಗೆ ನಡೆದುದನ್ನೆಲ್ಲ ಹೇಳಿದೆ. ಅವರಿಗೆ ಮದುವೆ ಆದದ್ದೂ ಗೊತ್ತಿರಲಿಲ್ಲ, ಅಂಗಡಿ ಮುಚ್ಚಿದ್ದೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀರುವಿನಿಂದ ಆ ವರ್ಷದ ರಿಜಿಸ್ಟರನ್ನು ತೆಗೆದರು. ‘ಇತ್ಯರ್ಥ’ ಎಂಬುದನ್ನು ಹೊಡೆದುಹಾಕಿ, ಮಗ್ಗುಲಲ್ಲಿ ‘ಆಗಲಿಲ್ಲ’ ಎಂದು ಬರೆದು ಸಹಿ ಹಾಕಿದರು. “ವರದಿಯಲ್ಲಿ ಆಗಲೇ ಅಚ್ಚಾಗಿಹೋಗಿದೆ ಮೇಷ್ಟ್ರೇ” ಎಂದರು. ಈಗ ಅಲ್ಲಿಗೆ ಬರುವ ಪ್ರತಿಯೊಂದು ದೂರಿನ ತಲೆಯ ಮೇಲೆ ಅವರು ಕೆಂಪು ಶಾಯಿಯಲ್ಲಿ ಒಂದು ತಾರೀಖನ್ನು ಬರೆಯುತ್ತಾರೆ. ಅದು ಎರಡು ವರ್ಷ ಮುಗಿಯುವ ದಿನ. ಬಂದವರಿಗೆ ಅದನ್ನು ಓದಿ ಹೇಳುತ್ತಾರೆ. ಇಷ್ಟು ತಿಂಗಳೊಳಗೆ ನಮ್ಮಿಂದ ಆಗದಿದ್ದರೆ ಕಾಯಬೇಡಿ, ಆಯೋಗಕ್ಕೆ ಹೋಗಿ, ಅರ್ಜಿಯನ್ನು ನಾವು ಬರೆದುಕೊಡುತ್ತೇವೆ ಎನ್ನುತ್ತಾರೆ. ನಾನು ಚಂದಾ ಕಟ್ಟಿದ್ದೇನೆ. ತಿಂಗಳಿಗೆ ಎರಡು ಶನಿವಾರ ಹೋಗಿ ಅರ್ಜಿಗಳ ಕನ್ನಡವನ್ನು ತಿದ್ದಿಕೊಡುತ್ತೇನೆ.

ಜವಾನರ 24,000 ರೂಪಾಯಿ ಬರಲಿಲ್ಲ. ಎದುರು ಬೀದಿಯ ಅಂಗಡಿಯಲ್ಲಿ ಹೊಸದಾಗಿ ಒಂದು ಕಂತಿನ ಯೋಜನೆ ಆರಂಭವಾಗಿದೆಯೆಂದು ಮೊನ್ನೆ ಅವರೇ ಬಂದು ಹೇಳಿದರು. “ಸೇರಿದವರಿಗೆ ಹೇಳಿಬಿಡಿ ಸಾರ್, ಬರೆಸಿಕೊಳ್ಳಿ ಅಂತ” ಎಂದರು.